ಸಮಮಿತಿ ಮತ್ತು ಸಮತೋಲ: ಗೋದಾವರಿಯ ಕಡೆಯಿಂದ ಒಂದು ವಿಚಾರ

ರೇಖೆ, ಚೌಕ, ವೃತ್ತಗಳನ್ನಷ್ಟೇ ನೆಚ್ಚಿದ ಅಮೂರ್ತ ಚಿತ್ರದ ಮುಂದೆ ನಮ್ಮ ಸಾಹಿತ್ಯದ ವಿದ್ಯಾರ್ಥಿ ಕೇಳುವ ಪ್ರಶ್ನೆ ಒಂದೇ: ಇದರ ಅರ್ಥವೇನು? ಅದಕ್ಕೆ ಅಭಿಮಾನದ ಉತ್ತರವೊಂದು ಸದಾ ಸಿದ್ಧವಾಗಿರುತ್ತದೆ: ಇದು ಹೊಸದೇನಲ್ಲ, ನಮ್ಮ ಪರಂಪರೆಯಲ್ಲಿಯೇ ಇತ್ತು. ಈ ಉತ್ತರ ಅರ್ಧಸತ್ಯವೆಂಬುದು ನನ್ನ ಅಭಿಪ್ರಾಯ.

ಕವಿರಾಜಮಾರ್ಗವು ಕನ್ನಡ ನಾಡಿನ ಉತ್ತರದ ಎಲ್ಲೆಯೆಂದು ಹೆಸರಿಸುವ ಗೋದಾವರಿಯು ನಾಸಿಕದ ಮೂಲಕ ಹರಿಯುತ್ತದೆ. ಆ ಊರಿನ ಪಾಂಡವಲೇಣಿ ಗುಹೆಗಳ ಮುಖಭಾಗದಲ್ಲಿ ಕಲ್ಲಿನಲ್ಲಿ ಕೊರೆದ ವೇದಿಕಾಪಟ್ಟಿಗಳಿವೆ. 2023ರಲ್ಲಿ ಛತ್ರಪತಿ ಸಂಭಾಜಿನಗರವೆಂದು ಹೆಸರು ಬದಲಾದ ಔರಂಗಾಬಾದಿನ ಬೀಬಿ ಕಾ ಮಕ್ಬರಾದಲ್ಲಿ, ಗೋರಿಯನ್ನು ಸುತ್ತುವರಿದ ಎಂಟು ಮೂಲೆಯ ಅಮೃತಶಿಲೆಯ ಜಾಲಂಧ್ರವಿದೆ. ಎರಡೂ ಅಪ್ಪಟ ರೇಖಾಗಣಿತ, ಎರಡೂ ಸುಂದರ. ಆದರೆ ಒಂದು ಮಗ್ಗುಲನ್ನು ನೋಡಿದ ಕಣ್ಣು ಇನ್ನೊಂದನ್ನು ಮೊದಲೇ ಊಹಿಸಬಲ್ಲದು. ಇದು ಸಮಮಿತಿ; ಪುನರಾವರ್ತನೆಯ ನಿಯಮವೇ ಇಲ್ಲಿ ನೆಮ್ಮದಿಯನ್ನು ಕೊಡುತ್ತದೆ.

ಡಚ್ ಕಲಾವಿದ ಮಾಂಡ್ರಿಯನ್ 1930ರಲ್ಲಿ ರಚಿಸಿದ ಕೆಂಪು, ನೀಲಿ, ಹಳದಿಗಳ ಪ್ರಸಿದ್ಧ ಚಿತ್ರದಲ್ಲಿ ಇಂಥ ಆಸರೆಯಿಲ್ಲ. ಬಲ ಮೇಲ್ಭಾಗವನ್ನು ಆಕ್ರಮಿಸಿದ ಕೆಂಪು ಚೌಕವನ್ನು ಎಡ ಕೆಳಮೂಲೆಯ ಪುಟ್ಟ ನೀಲಿಯೂ ಬಲ ಕೆಳಮೂಲೆಯ ಹಳದಿ ತುಣುಕೂ ತೂಗಿ ಹಿಡಿಯುತ್ತವೆ. ಬೆರಳಿನಿಂದ ನೀಲಿಯನ್ನು ಮರೆಮಾಡಿದರೆ ಚಿತ್ರ ವಾಲುತ್ತದೆ. ಇದು ಸಮತೋಲ, ಅಸಮಗಳ ನಡುವೆ ಪ್ರತಿ ಚಿತ್ರದಲ್ಲಿಯೂ ಹೊಸದಾಗಿ ಹುಡುಕಬೇಕಾದದ್ದು.

ಹಾಗಾದರೆ ಇದು ನಮಗೆ ಪರಕೀಯವೇ? ಅಲ್ಲ. ಎಲ್ಲೋರದ ಕೈಲಾಸನಾಥವನ್ನು ಕಡೆಯಿಸಿದ ರಾಷ್ಟ್ರಕೂಟರ ಆಸ್ಥಾನದಲ್ಲಿಯೇ 9ನೆಯ ಶತಮಾನದಲ್ಲಿ ಕವಿರಾಜಮಾರ್ಗವೂ ಹುಟ್ಟಿತು; ಅದರ ಬಹುಭಾಗ ಕಂದಪದ್ಯಗಳಲ್ಲಿದೆ. ಕಂದದ ಪಾದಗಳು ಸಮವಲ್ಲ: 12, 20, 12, 20 ಮಾತ್ರೆಗಳು. ಈ ಲೆಕ್ಕ ಛಂದಸ್ಸು ಕೊಟ್ಟದ್ದು. ಆದರೆ ವಾಕ್ಯವು ಎಲ್ಲಿ ಪಾದವನ್ನು ದಾಟಬೇಕು, ಎಲ್ಲಿ ನಿಲ್ಲಬೇಕು ಎಂಬುದು ಕವಿ ಪ್ರತಿ ಪದ್ಯದಲ್ಲಿಯೂ ಹುಡುಕಿಕೊಂಡದ್ದು. ಆ ತೂಕವನ್ನು ಗುರುತಿಸಬಲ್ಲ ಕಿವಿ ನಮ್ಮಲ್ಲಿದೆ. ಅದನ್ನು ಕಣ್ಣಿಗೆ ಕಲಿಸಿಲ್ಲ, ಅಷ್ಟೇ.

ಅಮೂರ್ತ ಚಿತ್ರವನ್ನು ಅರ್ಥಹೀನವೆಂದು ತಳ್ಳುವವರೂ ಪರಂಪರೆಯ ಹೆಸರಿನಲ್ಲಿ ಅಪ್ಪಿಕೊಳ್ಳುವವರೂ ಒಂದೇ ತಪ್ಪನ್ನು ಮಾಡುತ್ತಾರೆ: ಇಬ್ಬರೂ ಚಿತ್ರವನ್ನು ನೋಡುವುದಿಲ್ಲ. ಕನ್ನಡ ವಿಭಾಗಗಳಲ್ಲಿ ಛಂದಸ್ಸಿನ ಪಾಠದ ಜೊತೆಗೆ ಒಂದು ಚಿತ್ರವನ್ನೂ ಗೋಡೆಗೆ ತೂಗುಹಾಕಿದರೆ ಈ ಕೊರತೆ ನೀಗಲು ಆರಂಭವಾದೀತು.