ದಳ್ಳಾಳಿಯನ್ನು ಬಿಡಿಸಿದ ಮೇಲೂ ಕಮಿಷನ್ ಕೊಡಬೇಕೆ?

ಬನಶಂಕರಿಯಲ್ಲಿ ಮೂವತ್ತು-ನಲವತ್ತರ ನಿವೇಶನದ ಮನೆಯನ್ನು ಸಾಲ ತೀರಿಸಲೆಂದು ಮಾರಹೊರಟವನು ಮೊದಲು ದಳ್ಳಾಳಿಯನ್ನು ಹಿಡಿಯುತ್ತಾನೆ. ತಿಂಗಳುಗಟ್ಟಲೆ ಗಿರಾಕಿ ಬಾರದಿದ್ದರೆ ಅವನನ್ನು ಬಿಡಿಸಿ ತಾನೇ ಮಾರುತ್ತಾನೆ. ಆಗ ದಳ್ಳಾಳಿ ಬಾಗಿಲಿಗೆ ಬಂದು, "ನೂರಕ್ಕೆ ಎರಡು ನನ್ನದು" ಎನ್ನುತ್ತಾನೆ. ಕೊಡಬೇಕೆ?

1872ರ ಕರಾರು ಕಾಯಿದೆಯ 219ನೆಯ ಕಲಮಿನ ಪ್ರಕಾರ, ಬೇರೆ ಕರಾರಿಲ್ಲದಿದ್ದರೆ ವಹಿಸಿದ ಕೆಲಸ ಮುಗಿಯುವ ತನಕ ಪ್ರತಿಫಲ ಸಲ್ಲದು. ಗಿರಾಕಿಯನ್ನೇ ತಾರದವನಿಗೆ ಹೆದರಬೇಕಾಗಿಲ್ಲ. ಆದರೆ ಅವನು ತೋರಿಸಿದ ಗಿರಾಕಿಗೇ ಹಿಂಬಾಗಿಲಿನಿಂದ ಮಾರಿದರೆ ಮಾತು ಬೇರೆ. 1943ರಲ್ಲಿ ಕಲ್ಕತ್ತೆಯ ಮಾಲೀಕರೊಬ್ಬರು, 1,10,000 ರೂಪಾಯಿಗೆ ಗಿರಾಕಿಗಳನ್ನು ತಂದ ದಳ್ಳಾಳಿಯ ಅಧಿಕಾರವನ್ನು ರದ್ದುಮಾಡಿ, ಆ ಗಿರಾಕಿಗಳು ಸೂಚಿಸಿದವನಿಗೇ 1,05,000ಕ್ಕೆ ಮಾರಿದರು. 1950ರಲ್ಲಿ ಸುಪ್ರೀಂ ಕೋರ್ಟು ದಳ್ಳಾಳಿಯ ಪರ ತೀರ್ಪಿತ್ತಿತು. ನ್ಯಾಯವೇ. ಬಿಸಿಲಲ್ಲಿ ತಿರುಗಿದ್ದೂ ದುಡಿಮೆ. ಅದನ್ನು ನುಂಗಲು ನಮಗೆ ಹಕ್ಕಿಲ್ಲ.

ನನ್ನ ತಕರಾರು ಅಚ್ಚು ಹಾಕಿಸಿದ ಇಂಗ್ಲಿಷ್ ಕರಾರುಪತ್ರದ ಮೇಲೆ. "ಅವಧಿಯೊಳಗೆ ಯಾರೇ ಮಾರಿದರೂ ಕಮಿಷನ್" ಎಂಬ ಸಾಲು ಅದರ ಮೂಲೆಯಲ್ಲಿ ಅಡಗಿರಬಹುದು. (ಮೇಷ್ಟ್ರಾಗಿದ್ದ ನನಗೇ ಅಂಥದೊಂದನ್ನು ಎರಡು ಸಲ ಓದಬೇಕಾಯಿತು.) ಗೊತ್ತಾದ ಅವಧಿಗೆ ಮೊದಲೇ ಕಾರಣವಿಲ್ಲದೆ ಬಿಡಿಸಿದರೆ ಪರಿಹಾರವೂ ಕೊಡಬೇಕಾದೀತು. ಆದುದರಿಂದ ಸಹಿಗೆ ಮುನ್ನ ಅವಧಿಯನ್ನು ಕೇಳಿರಿ. ಬಿಡಿಸುವಾಗ ಬರವಣಿಗೆಯಲ್ಲೇ ಬಿಡಿಸಿ, ಅದುವರೆಗೆ ಅವನು ತೋರಿಸಿದ ಗಿರಾಕಿಗಳ ಪಟ್ಟಿಯನ್ನು ಅಂದೇ ಸಹಿಮಾಡಿಸಿ ಇಟ್ಟುಕೊಳ್ಳಿರಿ.