ಸಾಕುವ ಮನೆಗೆ ಹೆಗಲು ಕೊಡುವವರು ಯಾರು?



ಮನೆಯಲ್ಲಿ ಮಗುವಿನ ಹುಟ್ಟುಹಬ್ಬವೋ ಹಿರಿಯರ ವರ್ಷಾಂತಿಕವೋ ಬಂದಾಗ ನಮ್ಮಲ್ಲಿ ಅನೇಕರಿಗೆ ಅನಾಥಾಶ್ರಮದ ನೆನಪಾಗುತ್ತದೆ. ಒಂದು ಹೊತ್ತಿನ ಊಟಕ್ಕೆ ಹಣ ಕೊಟ್ಟು, ಮಕ್ಕಳ ನಡುವೆ ನಿಂತು ಛಾಯಾಚಿತ್ರ ತೆಗೆಸಿಕೊಂಡು, ಸಮಾಧಾನದಿಂದ ಮರಳುತ್ತೇವೆ. ಈ ದಾನವನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಆದರೆ ನೆರೆಮನೆಯಲ್ಲಿ, ತೀರಿಕೊಂಡ ತಂಗಿಯ ಮಗುವನ್ನು ತನ್ನ ಮಕ್ಕಳೊಡನೆ ಸಾಕುತ್ತಿರುವ ಹೆಂಗಸಿನ ಬಳಿ ಹೋಗಿ, "ಹಗಲು ಹೊತ್ತು ಈ ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?" ಎಂದು ನಾವು ಎಂದಾದರೂ ಕೇಳಿದ್ದೇವೆಯೇ?

ಮಗು ಬೆಳೆಯಬೇಕಾದುದು ಕುಟುಂಬದಲ್ಲಿ, ಸಂಸ್ಥೆಯೇನಿದ್ದರೂ ಕೊನೆಯ ಆಸರೆ ಎಂಬುದನ್ನು ನಮ್ಮ ಕಾನೂನು ಒಪ್ಪಿಕೊಂಡಿದೆ. 2015ರ ಬಾಲನ್ಯಾಯ ಕಾಯ್ದೆಯ 44ನೆಯ ಕಲಮು ಪೋಷಕ ಆರೈಕೆಗೆ ಅವಕಾಶ ನೀಡಿದೆ. ದತ್ತು ಸ್ವೀಕಾರದಂತೆ ಇಲ್ಲಿ ಮಗು ಶಾಶ್ವತವಾಗಿ ಆ ಮನೆಯದಾಗುವುದಿಲ್ಲ. ಮಕ್ಕಳ ಕಲ್ಯಾಣ ಸಮಿತಿಯ ಆದೇಶದಂತೆ ಮತ್ತೊಂದು ಕುಟುಂಬ ಅದನ್ನು ಸಾಕುತ್ತದೆ. ಬಂಧುಗಳ ಆಶ್ರಯದಲ್ಲಿರುವ ಬಡ ಮಕ್ಕಳಿಗೆ ಪ್ರಾಯೋಜಕತ್ವದ ನೆರವಿದೆ. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯಂತೆ ಈ ಎರಡಕ್ಕೂ ತಿಂಗಳಿಗೆ ಮಗುವೊಂದಕ್ಕೆ 4,000 ರೂಪಾಯಿ ನಿಗದಿಯಾಗಿದೆ. ಆದರೆ ಪ್ರಾಯೋಜಕತ್ವ ಪಡೆಯಲು ಹಳ್ಳಿಯ ಕುಟುಂಬದ ವಾರ್ಷಿಕ ಆದಾಯ 72,000 ರೂಪಾಯಿ ಮೀರಬಾರದು. ಅಂದರೆ ತಿಂಗಳಿಗೆ 6,000! ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಇಷ್ಟನ್ನು ದಾಟಿದೊಡನೆ ಬಡತನ ಓಡಿಹೋಗುವುದೇ?

ಅದಕ್ಕೂ ದೊಡ್ಡ ಪ್ರಶ್ನೆ ಬೇರೆಯೇ ಇದೆ. ಹಣ ಅಕ್ಕಿ ತರಬಲ್ಲದು, ಪುಸ್ತಕ ತರಬಲ್ಲದು. ತಾಯಿಯ ಹಗಲನ್ನು ತರಲಾರದು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಹಳ್ಳಿಗಳಲ್ಲಿ ಬೀಡಿ ಕಟ್ಟಿ ಸಂಸಾರ ತೂಗಿಸಿದ ಹೆಂಗಸರನ್ನು ನಾವೆಲ್ಲ ಬಲ್ಲೆವು. ಕಟ್ಟಿದಷ್ಟೇ ಕೂಲಿ. ಮಗುವಿಗೆ ಜ್ವರ ಬಂದ ದಿನ ಬ್ರಾಂಚಿಗೆ ಒಯ್ಯುವ ಬೀಡಿ ಕಡಿಮೆಯಾಗುತ್ತದೆ. ಬೀಡಿಯನ್ನೇ ನೋಡಿದರೆ ಮಗು ಹೊಗೆಸೊಪ್ಪಿನ ಧೂಳಿನ ನಡುವೆ ಅಂಬೆಗಾಲಿಡುತ್ತದೆ. 1966ರ ಬೀಡಿ ಕಾರ್ಮಿಕರ ಕಾಯ್ದೆ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಗಳಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದಿತ್ತು. ಆದರೆ ಕೆಲಸವೇ ಮನೆಯ ಜಗಲಿಗೆ ಬಂದಿತು, ಕೊಠಡಿ ಬರಲಿಲ್ಲ. ರಾಜ್ಯ ಸರಕಾರ 2023ರಲ್ಲಿ 4,000 ಗ್ರಾಮ ಪಂಚಾಯತುಗಳಿಗೆ ಘೋಷಿಸಿದ 'ಕೂಸಿನ ಮನೆ' ಮೆಚ್ಚತಕ್ಕ ಹೆಜ್ಜೆ. ಆದರೆ ಅದು ಎಳೆಗೂಸುಗಳಿಗೆ. ಪೋಷಕ ಆರೈಕೆಗೆ ಬರುವವರೋ ಸಾಮಾನ್ಯವಾಗಿ 6 ವರ್ಷ ದಾಟಿದ ಮಕ್ಕಳು. ಶಾಲೆ ಬಿಟ್ಟ ಮೇಲೆ, ಬೇಸಗೆ ರಜೆಯಲ್ಲಿ, ಜಡಿಮಳೆಗೆ ಶಾಲೆ ಮುಚ್ಚಿದ ದಿನಗಳಲ್ಲಿ ಅವರು ಎಲ್ಲಿರಬೇಕು? ಒಂಟಿ ವ್ಯಕ್ತಿಗಳೂ ಮಗುವನ್ನು ಪೋಷಿಸಬಹುದೆಂದು 2024ರ ಪರಿಷ್ಕೃತ ಮಾರ್ಗಸೂಚಿ ಹೇಳುತ್ತದೆ. ಒಳ್ಳೆಯದೇ. ಆ ಒಂಟಿ ಹೆಂಗಸು ದುಡಿಯಲು ಹೋದಾಗ ಮನೆಯಲ್ಲಿ ಯಾರಿದ್ದಾರೆ?

"ತನ್ನವರ ಮಗುವನ್ನು ಸಾಕುವುದಕ್ಕೂ ನೆರವು ಬೇಕೇ? ಹಿಂದಿನವರು ಸಾಕಲಿಲ್ಲವೇ?" ಎಂದು ಕೆಲವರು ಕೇಳುತ್ತಾರೆ. ಸಾಕಿದರು, ನಿಜ. ಆಗ ಅಜ್ಜಿಮನೆಯಲ್ಲಿ ಹತ್ತು ಕೈಗಳಿದ್ದವು. ಇಂದು ಅದೇ ಮನೆಯಲ್ಲಿ ಅಜ್ಜಿಯೊಬ್ಬಳೇ ಇದ್ದಾಳೆ. ಪ್ರೀತಿ ಕಡಿಮೆಯಾಗಿಲ್ಲ, ಕೈಗಳು ಕಡಿಮೆಯಾಗಿವೆ. ಪ್ರೀತಿಯ ಹೆಸರಿನಲ್ಲಿ ಒಬ್ಬಳ ಬೆನ್ನ ಮೇಲೆ ಊರಿನ ಹೊಣೆಯನ್ನೆಲ್ಲ ಹೊರಿಸುವುದು ಧರ್ಮವಲ್ಲ.

2020ರ ಡಿಸೆಂಬರಿನಿಂದ ಒಂದು ವರ್ಷ ನಾವು ಸಂತ ಜೋಸೆಫರ ವರ್ಷವನ್ನು ಆಚರಿಸಿದೆವು. ಸಾಕುತಂದೆಯ ಪ್ರತಿಮೆಗೆ ಹೂವಿಟ್ಟೆವು. ಅದೇ ಅವಧಿಯಲ್ಲಿ ಕೊರೋನಾ ಎಷ್ಟೋ ಮಕ್ಕಳನ್ನು ಬಂಧುಗಳ ಮಡಿಲಿಗೆ ಹಾಕಿತು. ಆ ಹೂವಿನ ಜೊತೆಗೆ ಆ ಮನೆಗಳಿಗೆ ನಮ್ಮಿಂದ ಏನು ಸಂದಿತು ಎಂದು ನಮ್ಮ ಅಂತರಂಗವನ್ನೇ ಕೇಳಿಕೊಳ್ಳೋಣ.

ಸರಕಾರವು ಆದಾಯದ ಮಿತಿಯನ್ನು ಏರಿಸಲಿ. ಸಾಕುವ ಕುಟುಂಬಗಳ ಮಕ್ಕಳಿಗೆ ಹಗಲಿನ ಪಾಲನೆಯನ್ನೂ ನೆರವಿನ ಭಾಗವಾಗಿಸಲಿ. ಇದು ನಮ್ಮ ಹಕ್ಕೊತ್ತಾಯ. ಆದರೆ ಅಲ್ಲಿಯವರೆಗೆ ಕಾದು ಕೂರಬೇಕಾಗಿಲ್ಲ. ಧರ್ಮಕೇಂದ್ರದ ಸಭಾಭವನ ವಾರದ ದಿನಗಳಲ್ಲಿ ಬೀಗ ಹಾಕಿಕೊಂಡಿರುತ್ತದೆ. ಸಂಜೆ ಮೂರು ತಾಸು ಅದನ್ನು ತೆರೆಯೋಣ. ನಿವೃತ್ತ ಶಿಕ್ಷಕಿಯರಿದ್ದಾರೆ, ಯುವಜನರಿದ್ದಾರೆ. ಎಂದಿಗೂ ಇಬ್ಬರು ಜವಾಬ್ದಾರಿಯುತ ಹಿರಿಯರು ಅಲ್ಲಿರಲಿ. ಜಾತಿ ಮತ ಕೇಳದೆ ಮಕ್ಕಳು ಬರಲಿ. ಯಾವ ಮಗುವನ್ನೂ 'ಅನಾಥ' ಎಂದು ಬೆರಳು ಮಾಡಿ ತೋರಿಸದಿರಲಿ. ಅರ್ಜಿ ಬರೆಯಲು ತಿಳಿಯದ ಅಜ್ಜಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕದವರೆಗೆ ಕರೆದೊಯ್ಯಲು ಒಬ್ಬರಾದರೂ ಮುಂದೆ ಬರಲಿ.

ಮುಂದಿನ ಹುಟ್ಟುಹಬ್ಬಕ್ಕೆ ಆಶ್ರಮದಲ್ಲಿ ಊಟ ಹಾಕಿಸಿರಿ, ಬೇಡವೆನ್ನುವುದಿಲ್ಲ. ಆದರೆ ಅದಕ್ಕೂ ಮೊದಲು ಆ ನೆರೆಮನೆಯ ಬಾಗಿಲು ತಟ್ಟಿ. ಮಗು ಆಶ್ರಮದ ಮೆಟ್ಟಿಲು ಹತ್ತದಂತೆ ತಡೆದು ನಿಂತವಳು ಆ ಮನೆಯ ಹೆಂಗಸೇ.