ವೃದ್ಧಾಶ್ರಮದಲ್ಲಿ ಆಪ್ತತೆ: ಸಿಬ್ಬಂದಿಗೆ ಕಲಿಸುವ ಮೊದಲು ಹಿರಿಯರನ್ನು ಕೇಳಿ

ವಿಶಾಖಪಟ್ಟಣದಲ್ಲೋ ವಿಜಯವಾಡದಲ್ಲೋ ತಂದೆ ತಾಯಿಯನ್ನು ವೃದ್ಧಾಶ್ರಮಕ್ಕೆ ಸೇರಿಸುವಾಗ ನೀವು ಊಟ, ಔಷಧ, ರಾತ್ರಿ ಪಾಳಿಯ ನರ್ಸ್ ಬಗ್ಗೆ ವಿಚಾರಿಸುತ್ತೀರಿ. ಗಂಡ ಹೆಂಡತಿಗೆ ಒಂದೇ ಕೋಣೆ ಸಿಗುತ್ತದೆಯೇ, ಸಿಬ್ಬಂದಿ ಬಾಗಿಲು ತಟ್ಟಿ ಒಳಗೆ ಬರುತ್ತಾರೆಯೇ ಎಂದು ಕೇಳಲು ಮಾತ್ರ ಸಂಕೋಚ.

ಕಾನೂನೂ ಇದನ್ನು ಬಿಡಿಸಿ ಹೇಳಿಲ್ಲ. ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಬಂದ ಕೇಂದ್ರ ಕಾಯ್ದೆಯ 19ನೇ ಸೆಕ್ಷನ್ ವೃದ್ಧಾಶ್ರಮಗಳ ಕುರಿತದ್ದು. ಅದರಲ್ಲಿ ವೈದ್ಯಕೀಯ ಆರೈಕೆ ಮತ್ತು ಮನರಂಜನೆಯ ಉಲ್ಲೇಖವಿದೆ, ಆಪ್ತ ಸಂಬಂಧದ ಮಾತಿಲ್ಲ. ಆದರೆ ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ತೀರ್ಪು ನೀಡಿದೆ. ವಯಸ್ಸಾಯಿತೆಂದು ಆ ಹಕ್ಕು ಹೋಗುವುದಿಲ್ಲ.

ಆಪ್ತತೆ ಎಂದರೆ ಲೈಂಗಿಕತೆ ಮಾತ್ರವಲ್ಲ. ಕೈ ಹಿಡಿದು ಕೂರುವುದು, ಪಕ್ಕದಲ್ಲಿ ಮಲಗುವುದು, ಹೊಸ ಒಡನಾಟ ಎಲ್ಲವೂ ಅದರಲ್ಲಿ ಸೇರುತ್ತವೆ. 2019ರ ಡಿಸೆಂಬರ್‌ನಲ್ಲಿ ಕೇರಳದ ತ್ರಿಶೂರಿನ ಸರ್ಕಾರಿ ವೃದ್ಧಾಶ್ರಮದಲ್ಲಿ ಅರವತ್ತು ದಾಟಿದ ಇಬ್ಬರು ನಿವಾಸಿಗಳ ಮದುವೆ ನಡೆಯಿತು. ನ್ಯೂಯಾರ್ಕಿನ ಹೀಬ್ರೂ ಹೋಮ್ 1995ರಲ್ಲೇ ಈ ವಿಷಯಕ್ಕೆ ಲಿಖಿತ ನೀತಿ ರೂಪಿಸಿತು.

ಹಾಗೆಂದು ಹೊರಗಿನ ನೀತಿಯನ್ನು ತಂದು ಓದಿಸಿದರೆ ತರಬೇತಿ ಆಗುವುದಿಲ್ಲ. ಕೋಣೆಗೆ ಚಿಲಕವಿಲ್ಲ ಎಂಬುದು ಅಲ್ಲಿ ಇರುವವರಿಗೆ ಗೊತ್ತು. ಸ್ನಾನ ಮಾಡಿಸುವಾಗ ಎದುರಾಗುವ ಮುಜುಗರ ಆಯಾಗಳಿಗೆ ಗೊತ್ತು. ಆದ್ದರಿಂದ ಪಾಠ ಸಿದ್ಧಪಡಿಸುವ ಮೊದಲೇ ಮಹಿಳೆಯರು, ಪುರುಷರು, ಒಂಟಿಯಾಗಿರುವವರು, ಸಿಬ್ಬಂದಿ ಎಲ್ಲರನ್ನೂ ಪ್ರತ್ಯೇಕವಾಗಿ ಕೇಳಬೇಕು. ತೆಲುಗು ಬಾರದ ಕನ್ನಡದ ಹಿರಿಯರಿದ್ದರೆ ಕನ್ನಡದಲ್ಲೇ ಕೇಳಬೇಕು. ಹೇಳಲು ಇಷ್ಟವಿಲ್ಲದವರನ್ನು ಒತ್ತಾಯಿಸಬಾರದು.

ಮಕ್ಕಳಾದ ನಿಮ್ಮ ಅಭಿಪ್ರಾಯಕ್ಕೂ ಜಾಗವಿರಲಿ. ಆದರೆ ಅಪ್ಪನೋ ಅಮ್ಮನೋ ಯಾರ ಜೊತೆ ಕೂರಬೇಕು ಎಂಬ ತೀರ್ಮಾನ ಅವರದೇ.

ಮರೆವಿನ ಕಾಯಿಲೆ ಇದ್ದಾಗ ಹೆಚ್ಚು ಎಚ್ಚರ ಬೇಕು. ನಿನ್ನೆಯ ಒಪ್ಪಿಗೆ ಇವತ್ತಿಗೆ ಸಾಲದು. ಎದುರಿಗಿರುವವರು ಯಾರೆಂದು ತಿಳಿಯದಿದ್ದರೆ, ಕೈ ಹಿಂದಕ್ಕೆ ಎಳೆದುಕೊಂಡರೆ, ಹೆದರಿದರೆ ಸಿಬ್ಬಂದಿ ತಕ್ಷಣ ತಡೆಯಬೇಕು. ಮೌನ ಒಪ್ಪಿಗೆಯಲ್ಲ. ಇದನ್ನು ಗುರುತಿಸಲು ಕಲಿಸುವುದೇ ತರಬೇತಿಯ ಮುಖ್ಯ ಭಾಗ.

ಮುಂದಿನ ಬಾರಿ ಆಶ್ರಮಕ್ಕೆ ಹೋದಾಗ ಮೂರು ಪ್ರಶ್ನೆ ಕೇಳಿ: ದಂಪತಿಗೆ ಒಟ್ಟಿಗಿರಲು ಅವಕಾಶವಿದೆಯೇ? ಒಳಗೆ ಬರುವ ಮುನ್ನ ಬಾಗಿಲು ತಟ್ಟುವ ನಿಯಮವಿದೆಯೇ? ಈ ನಿಯಮಗಳನ್ನು ಮಾಡುವಾಗ ಇಲ್ಲಿರುವವರನ್ನು ಕೇಳಿದ್ದೀರಾ? ದೌರ್ಜನ್ಯದ ಅನುಮಾನ ಬಂದರೆ ಹಿರಿಯರ ಉಚಿತ ಸಹಾಯವಾಣಿ 14567ಕ್ಕೆ ಕರೆ ಮಾಡಿ.